ಬಳ್ಳೊಳ್ಳಿ ನುಂಗಬೇಕಾ, ಜಜ್ಜಬೇಕಾ?

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ಕೊರೊನಾ ಬಂದ ವರ್ಷದಿಂದ ನಮ್ಮತ್ತೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮನೆಮಂದಿಗೆಲ್ಲ ನಾಲ್ಕು ನಾಲ್ಕು ಎಸಳು ಹಸಿ ಬಳ್ಳೊಳ್ಳಿ ಕೊಡುತ್ತಾರೆ. ಅಗಿಯಬಾರದು, ನೀರಿನ ಜೊತೆ ಇಡಿಯಾಗಿ ನುಂಗಬೇಕು ಅನ್ನುತ್ತಾರೆ. ಇಮ್ಯುನಿಟಿ ಬರುತ್ತದಂತೆ. ನನಗೆ ಮಧ್ಯಾಹ್ನದವರೆಗೂ ಎದೆ ಉರಿ. ಮಾವನವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಗುಳಿಗೆ ನಡೆದಿದೆ. ಏಳು ವರ್ಷದ ಮಗನನ್ನು ಶಾಲೆಯಲ್ಲಿ ‘ಬಳ್ಳೊಳ್ಳಿ’ ಅಂತಲೇ ಕರೆಯುತ್ತಾರೆ. ಒಂಬತ್ತು ತಿಂಗಳ ಮಗಳಿಗೆ ನೆಗಡಿಯಾದರೆ ಬಳ್ಳೊಳ್ಳಿ ಜಜ್ಜಿ ಅಂಗಾಲಿಗೆ ಕಟ್ಟುತ್ತಾರೆ, ಜೇನಿನಲ್ಲಿ ಅದರ ರಸ ಕಲಸಿ ನೆಕ್ಕಿಸುತ್ತಾರೆ. ಬೇಡ ಅಂದರೆ ‘ನಮ್ಮ ಹಿರಿಯರೇನು ದಡ್ಡರಾ?’ ಅಂತಾರೆ. ಇದು ನಿಜವಾಗಲೂ ಕೆಲಸ ಮಾಡುತ್ತದೆಯೇ? ಮುಂದುವರಿಸಲೋ, ಬಿಡಲೋ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನಾಲ್ಕು ಮಂದಿ ಇದ್ದೀರಿ. ನಾಲ್ವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಅವಸರ ಇರುವ ಇಬ್ಬರ ಮಾತು ಮೊದಲು.

ಕೂಸಿಗೆ ಜೇನು ನೆಕ್ಕಿಸುವುದನ್ನು ಇವತ್ತೇ ಬಿಡಿಸಿ. ಬಳ್ಳೊಳ್ಳಿ ಕಲಸಿರಲಿ, ಬಿಡಲಿ, ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಜೇನಿನಲ್ಲಿ ಬಾಟುಲಿಸಂ ಅನ್ನುವ ಕಾಯಿಲೆಯ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಸಾಮಾನ್ಯವಾಗಿ ಮೊಳೆಯುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲದು. ಮೊದಲು ಮಲ ಗಟ್ಟಿಯಾಗುತ್ತದೆ. ಆಮೇಲೆ ಅಳುವ ದನಿ ಸಣ್ಣಗಾಗುತ್ತದೆ, ಹಾಲು ಚೀಪಲು ಬರುವುದಿಲ್ಲ, ಕತ್ತು ಜೋಲುತ್ತದೆ. ಅಪರೂಪದ ಕಾಯಿಲೆ ನಿಜ. ಆದರೆ ಬಂದರೆ ಕೂಸನ್ನು ಐಸಿಯುಗೆ ಹಾಕಬೇಕಾಗುತ್ತದೆ. ಒಂದು ಚಮಚ ಜೇನಿಗಾಗಿ ಅಷ್ಟು ದೂರ ಯಾಕೆ ಹೋಗಬೇಕು?

ಅಂಗಾಲಿಗೆ ಕಟ್ಟುವುದೂ ಬೇಡ. ಕೆಲವು ವರ್ಷದ ಹಿಂದೆ ಒಂದು ಚಳಿಗಾಲದ ಬೆಳಗ್ಗೆ ಬೀಳಗಿ ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಕೂಸನ್ನು ಎತ್ತಿಕೊಂಡು ಬಂದಿದ್ದರು. ಜ್ವರ ಇರಲಿಲ್ಲ, ಆದರೆ ರಾತ್ರಿಯಿಡೀ ಅತ್ತಿದೆ ಅಂದರು. ಎದೆ ನೋಡಿದೆ, ಕಿವಿ ನೋಡಿದೆ, ಏನೂ ಸಿಗಲಿಲ್ಲ. ಕಾಲಿನ ಸಾಕ್ಸ್‌ಗೆ ಕೈ ಹಾಕುತ್ತಲೇ ಕೂಸು ಕಿರುಚಿತು. ನಿಧಾನ ಬಿಚ್ಚಿದರೆ ಎರಡೂ ಅಂಗಾಲು ಕೆಂಪಗೆ ಬೆಂದಿದ್ದವು. ಎಡಗಾಲಿನಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಗುಳ್ಳೆ. ಬಲಗಾಲಿನದು ಒಡೆದು ನೀರು ಸೋರುತ್ತಿತ್ತು. ಬಿಸಿನೀರು ಬಿತ್ತಾ ಅಂತ ಕೇಳಿದೆ. ‘ಇಲ್ರೀ ಸಾಹೇಬ್ರ, ನೆಗಡಿ ಆಗಿತ್ತಂತ ರಾತ್ರಿ ಬಳ್ಳೊಳ್ಳಿ ಕಟ್ಟಿ ಮಲಗಸಿದ್ವಿ’ ಅಂದರು. ಜಜ್ಜಿದ ಬಳ್ಳೊಳ್ಳಿ ಬಟ್ಟೆಯೊಳಗೆ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿ ಕೂತರೆ ದೊಡ್ಡವರ ಚರ್ಮವೂ ಸುಡುತ್ತದೆ. ಕೂಸಿನ ಚರ್ಮವಂತೂ ಈರುಳ್ಳಿ ಪೊರೆಯಷ್ಟು ತೆಳು. ಈ ರೀತಿ ಸುಟ್ಟ ಕೂಸುಗಳ ವರದಿ ವೈದ್ಯಕೀಯ ಪತ್ರಿಕೆಗಳಲ್ಲೂ ಇವೆ, ಅದು ನಮ್ಮ ಹಳ್ಳಿಯಲ್ಲಷ್ಟೇ ಆಗುವ ತಪ್ಪಲ್ಲ. ನಿಮ್ಮ ಮಗಳ ಅಂಗಾಲು ಈಗ ಕೆಂಪಗಿದ್ದರೆ ತಣ್ಣೀರಿನಲ್ಲಿ ತೊಳೆದು, ಅರಿಶಿನ ಗಿರಿಶಿನ ಏನನ್ನೂ ಹಚ್ಚದೆ, ಹತ್ತಿರದ ಡಾಕ್ಟರಿಗೆ ತೋರಿಸಿ.

ಈಗ ಮಾವನವರ ಮಾತು. ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಕೊಡುತ್ತಾರೆ, ಅದರ ಜೊತೆ ಕ್ಲೋಪಿಡೊಗ್ರೆಲ್ ಅಥವಾ ಆ ಜಾತಿಯ ಇನ್ನೊಂದು ಗುಳಿಗೆ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ. ಹಸಿ ಬಳ್ಳೊಳ್ಳಿಗೂ ಸ್ವಲ್ಪ ಮಟ್ಟಿಗೆ ಅದೇ ಗುಣ ಇದೆ. ರಕ್ತದ ಕಣಗಳು ಒಂದಕ್ಕೊಂದು ಅಂಟುವುದನ್ನು ಅದು ತಡೆಯುತ್ತದೆ. ಒಗ್ಗರಣೆಯ ಎರಡು ಎಸಳಿನಿಂದ ಏನೂ ಆಗುವುದಿಲ್ಲ, ಹೆದರಬೇಡಿ. ಆದರೆ ದಿನಾ ನಾಲ್ಕು ಹಸಿ ಎಸಳು, ಅದರ ಮೇಲೆ ಈ ಗುಳಿಗೆ, ಎರಡೂ ಕೂಡಿದರೆ ಲೆಕ್ಕ ಬೇರೆ. 1990ರಲ್ಲಿ ಅಮೆರಿಕದ ವೈದ್ಯರು 87 ವರ್ಷದ ಒಬ್ಬ ಅಜ್ಜನ ಕತೆ ವರದಿ ಮಾಡಿದ್ದರು. ಹೊಡೆತವಿಲ್ಲ, ಬಿದ್ದದ್ದಿಲ್ಲ, ಬೆನ್ನುಹುರಿಯ ಸುತ್ತ ರಕ್ತ ಸೋರಿ ಕಾಲಿನ ಶಕ್ತಿ ಹೋಗಿತ್ತು. ಕಾರಣ ಹುಡುಕಿದರೆ ಆತ ದಿನಾ ಬಳ್ಳೊಳ್ಳಿ ಜಾಸ್ತಿ ತಿನ್ನುತ್ತಿದ್ದದ್ದು ಸಿಕ್ಕಿತು. ಒಬ್ಬರ ಕತೆಯಿಂದ ಲೋಕಕ್ಕೆಲ್ಲ ನಿಯಮ ಮಾಡಲಾಗದು. ಆದರೂ ಆಪರೇಷನ್‌ಗೆ ಮುಂಚೆ ಕನಿಷ್ಠ 7 ದಿನ ಬಳ್ಳೊಳ್ಳಿ ಮಾತ್ರೆ ಮತ್ತು ಹಸಿ ಬಳ್ಳೊಳ್ಳಿ ನಿಲ್ಲಿಸಿ ಅಂತ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಹಲ್ಲು ಕೀಳಿಸುವಾಗಲೂ ಡೆಂಟಿಸ್ಟ್‌ಗೆ ಈ ಮಾತು ತಿಳಿಸಿ.

ಇಲ್ಲಿ ಒಂದನ್ನು ಗಟ್ಟಿಯಾಗಿ ಹೇಳಬೇಕು. ನಿಲ್ಲಿಸಬೇಕಾದದ್ದು ಬೆಳಗಿನ ಬಳ್ಳೊಳ್ಳಿ, ಗುಳಿಗೆ ಅಲ್ಲ. ‘ಬಳ್ಳೊಳ್ಳಿನೂ ರಕ್ತ ತೆಳು ಮಾಡತೈತಂತ, ಮತ್ತ್ಯಾಕ ಗುಳಿಗಿಗೆ ರೊಕ್ಕ ಹಾಕೂದು’ ಅಂತ ಗುಳಿಗೆ ಬಿಟ್ಟು ಬಂದವರನ್ನು ನೋಡಿದ್ದೇನೆ. ಸ್ಟೆಂಟ್ ಮುಚ್ಚಿಕೊಂಡರೆ ಬಾಗಲಕೋಟೆಯ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗುತ್ತದೆ ಅಂತ ಹೇಳಲಾಗದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅನ್ನುವ ಗುಳಿಗೆ ತೆಗೆದುಕೊಳ್ಳುವವರಿಗೂ ಇದೇ ಎಚ್ಚರಿಕೆ. ಎಚ್‌ಐವಿಗೆ ಔಷಧ ತೆಗೆದುಕೊಳ್ಳುವವರು ಬಳ್ಳೊಳ್ಳಿ ಮಾತ್ರೆ ಶುರು ಮಾಡುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಸಾಕ್ವಿನಾವಿರ್ ಅನ್ನುವ ಹಳೆಯ ಎಚ್‌ಐವಿ ಔಷಧದ ರಕ್ತದ ಮಟ್ಟವನ್ನು ಬಳ್ಳೊಳ್ಳಿ ಮಾತ್ರೆ ಅರ್ಧಕ್ಕೆ ಇಳಿಸಿದ್ದು ಗೊತ್ತಿದೆ.

ಅವಸರದ್ದು ಆಯಿತು. ಇನ್ನು ನಿಮ್ಮ ಅಸಲು ಪ್ರಶ್ನೆ.

ಇದಕ್ಕೆ ಅಡಿಗೆಮನೆಯಲ್ಲೇ ಒಂದು ಪರೀಕ್ಷೆ ಇದೆ. ಒಂದು ಎಸಳು ಸುಲಿಯಿರಿ. ಉಗುರು ತಾಗಿಸದೆ, ಗಾಯ ಮಾಡದೆ. ಈಗ ಮೂಗಿಗೆ ಹಿಡಿಯಿರಿ. ವಾಸನೆ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನೇ ಕಲ್ಲಿನ ಮೇಲಿಟ್ಟು ಒಂದು ಗುದ್ದು ಗುದ್ದಿ. ಎಣಿಸಿ ಹತ್ತು ಅನ್ನುವುದರೊಳಗೆ ಕಣ್ಣಿಗೆ ಹತ್ತುವಂತೆ ಘಾಟು ಏಳುತ್ತದೆ. ಅದು ಎಲ್ಲಿತ್ತು? ಎಲ್ಲೂ ಇರಲಿಲ್ಲ. ಗುದ್ದಿದ ಮೇಲೆ ಹುಟ್ಟಿತು.

ಬಳ್ಳೊಳ್ಳಿಯ ಹೆಸರು ಹೇಳಿದಾಗಲೆಲ್ಲ ಜನ ಹೊಗಳುವ ವಸ್ತುವಿನ ಹೆಸರು ಅಲಿಸಿನ್. 1944ರಲ್ಲಿ ಅಮೆರಿಕದ ಚೆಸ್ಟರ್ ಕವಾಲಿಟೊ ಮತ್ತು ಜಾನ್ ಬೈಲಿ ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಗುಣವನ್ನು ತೋರಿಸಿದರು. ತಮಾಷೆ ಅಂದರೆ ಇಡಿ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಅಲ್ಲಿ ಇರುವುದು ಅಲಿನ್ ಅನ್ನುವ ವಾಸನೆಯಿಲ್ಲದ ವಸ್ತು, ಒಂದು ಕೋಣೆಯಲ್ಲಿ. ಅಲಿನೇಸ್ ಅನ್ನುವ ಕಿಣ್ವ ಪಕ್ಕದ ಕೋಣೆಯಲ್ಲಿ. ನಡುವೆ ಗೋಡೆ. ಜಜ್ಜಿದಾಗ, ಕೊಯ್ದಾಗ, ಅಗಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಅಲಿಸಿನ್ ತಯಾರಾಗುತ್ತದೆ. ಹುಳ ಬಂದು ಗಡ್ಡೆ ಕಡಿದರೆ ಅದರ ಬಾಯಿ ಸುಡಲಿ ಅಂತ ಗಿಡ ಮಾಡಿಕೊಂಡ ವ್ಯವಸ್ಥೆ ಇದು. ನಮಗಾಗಿ ಮಾಡಿದ್ದಲ್ಲ.

ಹಾಗಾದರೆ ಇಡಿ ಎಸಳು ನುಂಗಿದರೆ ಏನಾಗುತ್ತದೆ? ಗೋಡೆ ಒಡೆಯದೆಯೇ ಅದು ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆಯಲ್ಲಿ ನಿಂಬೆರಸಕ್ಕಿಂತ ಹುಳಿಯಾದ ಆಮ್ಲ. ಆ ಹುಳಿಯಲ್ಲಿ ಕಿಣ್ವ ಕೆಲಸ ನಿಲ್ಲಿಸುತ್ತದೆ. ಖಾಲಿ ಹೊಟ್ಟೆಯಾದರೆ ಹುಳಿ ಇನ್ನೂ ಚುರುಕು. ಅಂದರೆ ನಿಮ್ಮತ್ತೆ ಯಾವುದನ್ನು ಶಾಸ್ತ್ರ ಅಂತ ಪಾಲಿಸುತ್ತಿದ್ದಾರೋ, ಅಗಿಯಬಾರದು, ಖಾಲಿ ಹೊಟ್ಟೆಗೇ ನುಂಗಬೇಕು ಅನ್ನುವುದು, ಅದು ಬಳ್ಳೊಳ್ಳಿಯಿಂದ ಸಿಗುವುದನ್ನು ಕಡಿಮೆ ಮಾಡುವ ದಾರಿ. ಎದೆ ಉರಿ ಮಾತ್ರ ಪೂರ್ತಿ ಸಿಗುತ್ತದೆ.

ಜಜ್ಜಿ ಸ್ವಲ್ಪ ಹೊತ್ತು ಬಿಡಬೇಕು ಅನ್ನುವ ಮಾತು ಕೇಳಿರಬಹುದು. ಅದು ಸರಿ. ಜಜ್ಜಿ 10 ನಿಮಿಷ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕಿದರೆ, ಸುಲಿದು ನೇರ ಎಣ್ಣೆಗೆ ಹಾಕಿದ್ದಕ್ಕಿಂತ ಗುಣ ಜಾಸ್ತಿ ಉಳಿಯುತ್ತದೆ. ಬೇಯಿಸಿದರೆ ಎಲ್ಲಾ ಹೋಯಿತು ಅನ್ನುವುದೂ ಪೂರ್ತಿ ನಿಜವಲ್ಲ. 2018ರಲ್ಲಿ ಅಮೆರಿಕದ ಲ್ಯಾರಿ ಲಾಸನ್ ಮತ್ತು ಜೊತೆಗಾರರು ಒಂದು ಜಾಣತನ ಮಾಡಿದರು. ಬಳ್ಳೊಳ್ಳಿ ತಿಂದವರ ಉಸಿರಿನಲ್ಲಿ ಹೊರಬರುವ ಗಂಧಕದ ವಸ್ತುವನ್ನು ಅಳೆದು, ಮೈಗೆ ಎಷ್ಟು ಹತ್ತಿತು ಅಂತ ಲೆಕ್ಕ ಹಾಕಿದರು. ಹಸಿಯಾಗಿ ಜಜ್ಜಿದ್ದನ್ನು 100 ಅಂತ ಇಟ್ಟರೆ, ಕುದಿಸಿದ ಬಳ್ಳೊಳ್ಳಿ 16, ಹುರಿದದ್ದು 30, ಉಪ್ಪಿನಕಾಯಿಯದು 19 ಬಂತು. ಕಡಿಮೆಯೇ, ಆದರೆ ಸೊನ್ನೆಯಲ್ಲ. ನಮ್ಮ ಸಾರು, ಪಲ್ಯದ ಬಳ್ಳೊಳ್ಳಿ ಸುಮ್ನೆ ವಾಸನೆಗೆ ಅಂದುಕೊಂಡಿದ್ದ ನನಗೇ ಇದು ಹೊಸದು.

ಇಷ್ಟು ಓದಿ ‘ಹಾಗಾದರೆ ಜಜ್ಜಿ ತಿಂದರೆ ಇಮ್ಯುನಿಟಿ ಬರುತ್ತದೆ ಅಲ್ವಾ?’ ಅಂತ ಕೇಳಬೇಡಿ. ಅಲ್ಲಿಗೆ ಹೋಗುವ ದಾರಿ ಇನ್ನೂ ದೂರ ಇದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಮೇಲೆ ಬಳ್ಳೊಳ್ಳಿ ರಸ ಬಿಟ್ಟರೆ ಸಾಯುತ್ತವೆ. ನಿಜ. ಆದರೆ ನಿಮ್ಮ ಮೈ ತಟ್ಟೆಯಲ್ಲ. ಅಲಿಸಿನ್ ಬಲು ಚಂಚಲ, ಬಾಯಿಂದ ರಕ್ತಕ್ಕೆ ಹೋಗುವ ದಾರಿಯಲ್ಲೇ ಒಡೆದು ಬೇರೆ ಬೇರೆ ವಸ್ತುವಾಗುತ್ತದೆ. 25 ಗ್ರಾಂ ಹಸಿ ಬಳ್ಳೊಳ್ಳಿ ತಿಂದವರ ರಕ್ತ ತೆಗೆದು ನೋಡಿದರೂ ಅಲಿಸಿನ್ ಸಿಕ್ಕಿಲ್ಲ. ಅದು ಹೆಚ್ಚು ಕಡಿಮೆ ಒಂದು ಗಡ್ಡೆಯಷ್ಟಾಯಿತು! ಹಾಗಾಗಿ ‘ಬಳ್ಳೊಳ್ಳಿ ತಿಂದರೆ ರಕ್ತದೊಳಗಿನ ಕ್ರಿಮಿ ಸಾಯುತ್ತವೆ’ ಅನ್ನುವ ವಾಟ್ಸ್‌ಆ್ಯಪ್ ಸಂದೇಶವನ್ನು ಮುಂದೆ ಕಳಿಸಬೇಡಿ. ಟಿಬಿ, ನ್ಯುಮೋನಿಯಾ, ಡೆಂಗಿಗೆ ಬಳ್ಳೊಳ್ಳಿ ಕುಡಿಸುತ್ತಾ ನಾಲ್ಕು ದಿನ ಕಳೆದು ಬಂದವರನ್ನು ನೋಡುವುದು ನನ್ನ ಕೆಲಸದ ಬೇಸರದ ಭಾಗ.

ಮನುಷ್ಯರ ಮೇಲೆ ಪ್ರಯೋಗ ಆಗಿಲ್ಲವೇ? ಆಗಿದೆ, ಕಡಿಮೆ. ಹೆಚ್ಚು ಹೆಸರಾದದ್ದು 2001ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾಯಿತು. 146 ಜನ, ಚಳಿಗಾಲದ 12 ವಾರ. ಅರ್ಧ ಜನಕ್ಕೆ ದಿನಕ್ಕೊಂದು ಬಳ್ಳೊಳ್ಳಿ ಮಾತ್ರೆ, ಉಳಿದರ್ಧಕ್ಕೆ ಹುಸಿ ಮಾತ್ರೆ. ಮಾತ್ರೆ ತಿಂದವರಿಗೆ ಒಟ್ಟು 24 ಸಲ ನೆಗಡಿ, ಹುಸಿ ಮಾತ್ರೆಯವರಿಗೆ 65 ಸಲ. ದೊಡ್ಡ ವ್ಯತ್ಯಾಸ. ಆದರೆ ನೆಗಡಿ ಬಂತೋ ಇಲ್ಲವೋ ಅನ್ನುವುದನ್ನು ಅವರೇ ಡೈರಿಯಲ್ಲಿ ಬರೆದುಕೊಂಡಿದ್ದರು, ಡಾಕ್ಟರ್ ನೋಡಿ ಹೇಳಿದ್ದಲ್ಲ. ಬಳ್ಳೊಳ್ಳಿಯ ತೇಗು ಬಂದ ಮೇಲೆ ತನಗೆ ಯಾವ ಮಾತ್ರೆ ಸಿಕ್ಕಿದೆ ಅಂತ ಯಾರಿಗಾದರೂ ಗೊತ್ತಾಗುವುದಿಲ್ಲವೇ? ಬಂದ ನೆಗಡಿ ಬಿಡಲು ಹಿಡಿದ ದಿನವಂತೂ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಇಂಥ ಪ್ರಯೋಗಗಳನ್ನೆಲ್ಲ ಜಾಲಾಡಿ ತೂಗುವ ಕೊಕ್ರೇನ್ ಸಂಸ್ಥೆ 2014ರಲ್ಲಿ ಹುಡುಕಿದಾಗ, ನೆಗಡಿ ಮತ್ತು ಬಳ್ಳೊಳ್ಳಿಯ ಬಗ್ಗೆ ಅವರ ಅಳತೆಗೆ ನಿಂತದ್ದು ಇದೊಂದೇ. ಒಂದರ ಮೇಲೆ ತೀರ್ಪು ಕೊಡಲಾಗದು ಅಂದರು.

2012ರಲ್ಲಿ ಇನ್ನೊಂದು ಬಂತು. 120 ಜನರಿಗೆ 90 ದಿನ, ತಿಂಗಳುಗಟ್ಟಲೆ ಮಾಗಿಸಿದ ಬಳ್ಳೊಳ್ಳಿಯ ಸಾರದ ಕ್ಯಾಪ್ಸೂಲ್. ರೋಗದ ಜೊತೆ ಕಾದಾಡುವ ಕೆಲವು ರಕ್ತಕಣಗಳು ಚುರುಕಾದವು. ನೆಗಡಿಯ ಸಂಖ್ಯೆ ಕಡಿಮೆಯಾಗಲಿಲ್ಲ, ಬಂದ ನೆಗಡಿಯ ಕಾಟ ಸ್ವಲ್ಪ ಕಡಿಮೆಯಾಯಿತು. ಒಳ್ಳೆಯ ಸುದ್ದಿಯೇ. ಆದರೆ ಗಮನಿಸಿ, ಒಂದರಲ್ಲಿ ಮಾತ್ರೆ, ಇನ್ನೊಂದರಲ್ಲಿ ಮಾಗಿಸಿದ ಸಾರ. ಬೆಳಗ್ಗೆ ಎದ್ದು ಹಸಿ ಎಸಳು ನುಂಗಿದವರನ್ನು ಯಾರೂ ಇಲ್ಲಿ ಎಣಿಸಿಲ್ಲ.

ಕೊರೊನಾ ಬಂದ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಳ್ಳೊಳ್ಳಿಯ ಬಗ್ಗೆಯೇ ಬೇರೆಯಾಗಿ ಒಂದು ಸ್ಪಷ್ಟನೆ ಕೊಡಬೇಕಾಯಿತು. ಒಳ್ಳೆಯ ಆಹಾರ, ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಸ್ವಲ್ಪ ಇರಬಹುದು, ಆದರೆ ಈ ವೈರಸ್‌ನಿಂದ ಕಾಪಾಡುತ್ತದೆ ಅನ್ನಲು ಆಧಾರವಿಲ್ಲ ಅಂತ. ನಮ್ಮ ಕಡೆ ಅದನ್ನು ಓದಿದವರು ಕಡಿಮೆ, ಬಳ್ಳೊಳ್ಳಿ ನುಂಗಿದವರು ಜಾಸ್ತಿ. ಆ ವರ್ಷ ನನ್ನ ಹತ್ತಿರ ಎದೆ ಉರಿ ಅಂತ ಬಂದವರಲ್ಲಿ ಬಹಳಷ್ಟು ಜನ ಬಳ್ಳೊಳ್ಳಿ, ಮೆಣಸು, ಶುಂಠಿಯ ಕಷಾಯದ ಕಡೆಯವರೇ. 2024ರಲ್ಲಿ ಬಳ್ಳೊಳ್ಳಿ ಕಿಲೋಗೆ 400 ರೂಪಾಯಿ ಮುಟ್ಟಿದಾಗ ಈ ಗುಂಪು ತಾನಾಗಿಯೇ ಕರಗಿತು. ಇನ್ನೊಂದು ಮಾತು. ರಬಕವಿ, ಬನಹಟ್ಟಿ, ಜಮಖಂಡಿ ಕಡೆ ಜೈನರ ಮನೆಗಳು ಬೇಕಾದಷ್ಟಿವೆ. ಆಚಾರ ಪಾಲಿಸುವವರ ಅಡಿಗೆಮನೆಗೆ ಬಳ್ಳೊಳ್ಳಿ ಕಾಲಿಡುವುದಿಲ್ಲ. ಅವರೇನು ಬೇರೆಯವರಿಗಿಂತ ಜಾಸ್ತಿ ಜ್ವರ ಬಿದ್ದಿದ್ದಾರಾ? ನನ್ನ ಕಣ್ಣಿಗೆ ಬಿದ್ದಿಲ್ಲ.

‘ನಮ್ಮ ಹಿರಿಯರೇನು ದಡ್ಡರಾ?’ ಅನ್ನುವುದು ಒಳ್ಳೆಯ ಪ್ರಶ್ನೆ. ದಡ್ಡರಲ್ಲ. ಆದರೆ ಹಿರಿಯರು ಇಡಿ ಎಸಳು ನುಂಗಿದ್ದರು ಅಂತ ಯಾರು ಹೇಳಿದರು?

ಆಯುರ್ವೇದದಲ್ಲಿ ಬಳ್ಳೊಳ್ಳಿಗೆ ಲಶುನ, ರಸೋನ ಅಂತ ಹೆಸರು. ರಸೋನ ಅಂದರೆ ಒಂದು ರಸ ಊನವಾದದ್ದು. ಆರು ರುಚಿಗಳಲ್ಲಿ ಹುಳಿಯೊಂದು ಬಿಟ್ಟು ಐದೂ ಇದರಲ್ಲಿವೆ ಅಂತ. 1890ರಲ್ಲಿ ಹ್ಯಾಮಿಲ್ಟನ್ ಬೋವರ್ ಅನ್ನುವ ಬ್ರಿಟಿಷ್ ಅಧಿಕಾರಿಗೆ ಮಧ್ಯ ಏಷ್ಯಾದ ಕುಚಾದಲ್ಲಿ ಭೂರ್ಜಪತ್ರದ ಹಳೆಯ ಸಂಸ್ಕೃತ ಹಸ್ತಪ್ರತಿಯೊಂದು ಸಿಕ್ಕಿತು. ಸುಮಾರು 1500 ವರ್ಷ ಹಳೆಯದು. ಅದು ಶುರುವಾಗುವುದೇ ಬಳ್ಳೊಳ್ಳಿಯ ಮಹಿಮೆಯಿಂದ. ಬಳ್ಳೊಳ್ಳಿ ತಿನ್ನಬಾರದ ಬ್ರಾಹ್ಮಣರಿಗೂ ಅದರಲ್ಲಿ ದಾರಿ ತೋರಿಸಿದ್ದಾರೆ. ಆಕಳಿಗೆ ಹುಲ್ಲು ಕಡಿಮೆ ಮಾಡಿ ಬಳ್ಳೊಳ್ಳಿ ದಂಟು ತಿನ್ನಿಸಿ, ಆಮೇಲೆ ಅದರ ಹಾಲು ಕುಡಿಯಿರಿ ಅಂತ! ನಗಬೇಡಿ, ಎಷ್ಟು ಜಾಣ ಉಪಾಯ ನೋಡಿ. ಆಯುರ್ವೇದದ ವೈದ್ಯರು ಇವತ್ತಿಗೂ ಬಳ್ಳೊಳ್ಳಿಯನ್ನು ಹಾಲಿನಲ್ಲಿ ಕುದಿಸಿಯೋ ತುಪ್ಪದಲ್ಲಿ ಕಾಯಿಸಿಯೋ ಕೊಡುವುದೇ ಹೆಚ್ಚು. ಅದು ಉಷ್ಣ, ತೀಕ್ಷ್ಣ, ಪಿತ್ತದವರಿಗೆ ಆಗದು ಅಂತ ಅವರೇ ಎಚ್ಚರಿಸುತ್ತಾರೆ. ಎದೆ ಉರಿಯುವ ಸೊಸೆಗೆ ಖಾಲಿ ಹೊಟ್ಟೆಯಲ್ಲಿ ಹಸಿಯದ್ದೇ ಕೊಡಿ ಅಂತ ಅವರು ಹೇಳಲಾರರು.

ನಮ್ಮ ಭಾಗದ ಹಿರಿಯರು ಮಾಡಿದ್ದು ಇನ್ನೂ ಸರಳ. ನಮ್ಮ ಅಮ್ಮನ ಮನೆಯಲ್ಲಿ ಹಿತ್ತಲ ಬಾಗಿಲ ಪಕ್ಕ ಒಂದು ಕಲ್ಲಿತ್ತು, ನಡುವೆ ಸವೆದು ತಗ್ಗಾದದ್ದು. ಅಜ್ಜಿ ಬೆಳಗ್ಗೆ ಅದರ ಮುಂದೆ ಕೂತರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಮೊದಲು ಉಪ್ಪಿನ ಹರಳು, ಅದರ ಮೇಲೆ ಒಂದು ಹಿಡಿ ಜವಾರಿ ಬಳ್ಳೊಳ್ಳಿ, ಅರ್ಧಕ್ಕೆ ಸಿಪ್ಪೆಯೂ ಇರುತ್ತಿತ್ತು. ಜೀರಿಗೆ ಚಿಟಿಕೆ. ಆಮೇಲೆ ಕೆಂಪು ಖಾರ. ಗುದ್ದಿ ಗುದ್ದಿ ಮುದ್ದೆಯಾದಾಗ ಬೆರಳಿನಿಂದ ಬಳಿದು ಬಟ್ಟಲಿಗೆ ಹಾಕಿ, ಮೇಲೆ ಹಸಿ ಶೇಂಗಾ ಎಣ್ಣೆ ಬಿಡುತ್ತಿದ್ದಳು. ಅಷ್ಟರಲ್ಲಿ ಅವ್ವ ರೊಟ್ಟಿ ಬಡಿದು ಮುಗಿಸುತ್ತಿದ್ದಳು. ಜಜ್ಜಿದ್ದಕ್ಕೂ ತಿಂದದ್ದಕ್ಕೂ ನಡುವೆ 10 ನಿಮಿಷವಲ್ಲ, ಅರ್ಧ ಗಂಟೆಯೇ ಇರುತ್ತಿತ್ತು. ಬೇಯಿಸಿದ್ದಿಲ್ಲ. ಖಾಲಿ ಹೊಟ್ಟೆಗಲ್ಲ. ಜೋಳದ ರೊಟ್ಟಿ, ಬೇಳೆ ಪಲ್ಯ, ಮೊಸರು ಜೊತೆಗೆ. ಅಲಿಸಿನ್ ಹೆಸರು ಕೇಳದ ಅಜ್ಜಿ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ ಎಲ್ಲದರಲ್ಲೂ ಇದೇ ಹಸಿ ಬಳ್ಳೊಳ್ಳಿ, ಇದೇ ಕುಟ್ಟುವಿಕೆ.

ರೊಟ್ಟಿ ಜೊತೆಗೆ ತಿನ್ನುವುದರಲ್ಲಿ ಇನ್ನೊಂದು ಲಾಭ ಇದೆ. ನನಗಂತೂ ಇಡೀ ವಿಷಯದಲ್ಲಿ ಇದೇ ಹೆಚ್ಚು ಇಷ್ಟ. 2010ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ಸಂಶೋಧನಾಲಯದವರು ಒಂದು ಪರೀಕ್ಷೆ ಪ್ರಕಟಿಸಿದರು. ಕಾಳು ಕಡಿಯಲ್ಲಿ ಕಬ್ಬಿಣ, ಸತು ಇರುತ್ತದೆ. ಆದರೆ ಅದು ಸುಲಭವಾಗಿ ಕೈ ಬಿಡುವುದಿಲ್ಲ. ತಿಂದದ್ದರಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅವರು ಧಾನ್ಯ, ಬೇಳೆಗಳ ಜೊತೆ ಬಳ್ಳೊಳ್ಳಿ ಅಥವಾ ಉಳ್ಳಾಗಡ್ಡಿ ಸೇರಿಸಿ, ಹೊಟ್ಟೆಯಲ್ಲಿ ಜೀರ್ಣವಾಗುವ ಹಾಗೆಯೇ ಗಾಜಿನ ಪಾತ್ರೆಯಲ್ಲಿ ಜೀರ್ಣ ಮಾಡಿ ನೋಡಿದರು. ಧಾನ್ಯಗಳಿಂದ ಬಿಡುಗಡೆಯಾದ ಕಬ್ಬಿಣ ಸುಮಾರು 9ರಿಂದ 66 ಶೇಕಡದವರೆಗೆ ಹೆಚ್ಚಿತು. ಹಸಿಯಿದ್ದರೂ ಬೇಯಿಸಿದ್ದರೂ. ಸತುವೂ ಹೆಚ್ಚಿತು. ಇದು ಪಾತ್ರೆಯೊಳಗಿನ ಫಲಿತಾಂಶ, ಮೈಯೊಳಗೆ ಅಷ್ಟೇ ಆಗುತ್ತದೆ ಅಂತಲ್ಲ. ಆದರೆ ರೋಗದ ಜೊತೆ ಕಾದಾಡುವ ಕಣಗಳಿಗೆ ಕಬ್ಬಿಣ, ಸತು ಎರಡೂ ಬೇಕೇ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಡಿಮೆ. ರೊಟ್ಟಿಯ ಕಬ್ಬಿಣವನ್ನು ಬಿಡಿಸಿಕೊಡುವ ಎರಡು ಎಸಳು, ಜೊತೆಗೆ ಹಸಿ ಉಳ್ಳಾಗಡ್ಡಿ, ಹುಳಿಗೆ ಪುಂಡಿಪಲ್ಯವೋ ನಿಂಬೆ ಹೋಳೋ. ಇಮ್ಯುನಿಟಿ ಅಂತ ನೀವು ಹುಡುಕುತ್ತಿರುವುದು ಆ ತಾಟಿನಲ್ಲಿದೆ. ಒಂದು ಮಾತು ಕೇಳುತ್ತೇನೆ, ನಿಮ್ಮ ಹಿಮೋಗ್ಲೋಬಿನ್ ಕೊನೆಯ ಸಲ ಯಾವಾಗ ನೋಡಿಸಿದಿರಿ? ಹಾಲು ಕುಡಿಸುವ ತಾಯಿ ನೀವು.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ಮಕ್ಕಳ ಲಸಿಕೆ ಒಂದೂ ತಪ್ಪಬಾರದು. ಮಾವನವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಬಹುದಾ ಅಂತ ಅವರ ಹೃದಯದ ಡಾಕ್ಟರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಅದು ಹತೋಟಿಯಲ್ಲಿರಲಿ. ಶುಗರ್ ಏರಿದ ಮೈಗೆ ಎಷ್ಟು ಬಳ್ಳೊಳ್ಳಿ ತಿನ್ನಿಸಿದರೂ ಸೋಂಕು ಬಿಡುವುದಿಲ್ಲ.

ಎಷ್ಟು ತಿನ್ನಬಹುದು? ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತಂದ ಔಷಧಿ ಗಿಡಗಳ ಪುಸ್ತಕದಲ್ಲಿ ದೊಡ್ಡವರಿಗೆ ದಿನಕ್ಕೆ 2ರಿಂದ 5 ಗ್ರಾಂ ತಾಜಾ ಬಳ್ಳೊಳ್ಳಿ ಅಂತ ಇದೆ. ಎಸಳಿನ ಲೆಕ್ಕ ನಂಬಬೇಡಿ. ಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಜವಾರಿಯ ನಾಲ್ಕು ಎಸಳು ಸೇರಿ ನಾಲ್ಕು ಗ್ರಾಂ ಮುಟ್ಟಲಿಲ್ಲ. ಈಗ ಸಂತೆಗೆ ಬರುವ ದಪ್ಪ ಹೈಬ್ರಿಡ್ ಗಡ್ಡೆಯಲ್ಲಿ ಒಂದೇ ಎಸಳು ಐದು ಗ್ರಾಂ ತೂಗಿತು. ನಿಮ್ಮತ್ತೆ ಕೊಡುವುದು ಆ ಜಾತಿಯ ನಾಲ್ಕಾದರೆ, ಪುಸ್ತಕದ ಐದು ಗ್ರಾಂನ ನಾಲ್ಕು ಪಟ್ಟು ಆಯಿತು. ನೀವು ಮಾತ್ರ ಎರಡು ಮೂರು ವಾರ ಹಸಿಯದ್ದನ್ನು ಪೂರ್ತಿ ಬಿಡಿ. ಎದೆ ಉರಿ ಹೋದರೆ ಕಾರಣ ಸಿಕ್ಕಿತು. ಆಮೇಲೆ ಊಟದ ನಡುವೆ ಖಾರದ ಜೊತೆ ಒಂದೆರಡು ಸಣ್ಣ ಎಸಳಿನಷ್ಟು ಸಾಕು. ಬಿಟ್ಟರೂ ಉರಿ ಹೋಗದಿದ್ದರೆ, ಮಲ ಕಪ್ಪಗಾದರೆ, ನುಂಗುವಾಗ ತಡೆದಂತಾದರೆ ಮನೆಮದ್ದಿನ ಕಾಲ ಮುಗಿಯಿತು, ಡಾಕ್ಟರ ಹತ್ತಿರ ಬನ್ನಿ. ಕೂಸು ನಿಮ್ಮ ಹಾಲು ಕುಡಿಯುತ್ತದೆಂದು ಬಳ್ಳೊಳ್ಳಿಗೆ ಹೆದರಬೇಡಿ. 1991ರಲ್ಲಿ ಅಮೆರಿಕದಲ್ಲಿ ಜೂಲಿ ಮೆನೆಲ್ಲಾ, ಗ್ಯಾರಿ ಬ್ಯೂಚಾಂಪ್ ಇದನ್ನೇ ನೋಡಿದರು. ತಾಯಿ ಬಳ್ಳೊಳ್ಳಿ ತಿಂದು ಸುಮಾರು ಎರಡು ಗಂಟೆಗೆ ಎದೆಹಾಲಿಗೂ ಅದರ ವಾಸನೆ ಬರುತ್ತದೆ. ಕೂಸುಗಳು ಮುಖ ತಿರುಗಿಸಲಿಲ್ಲ, ಹೆಚ್ಚು ಹೊತ್ತು ಎದೆಗೆ ಅಂಟಿಕೊಂಡವು! ನಮ್ಮ ಬಾಣಂತಿ ಊಟಕ್ಕೆ ಬಳ್ಳೊಳ್ಳಿ ಜಾಸ್ತಿ ಹಾಕುವ ಅಜ್ಜಿಯರು ಇದನ್ನು ಕೇಳಿದರೆ ಮೂಗಿನ ಮೇಲೆ ಬೆರಳಿಡುವುದಿಲ್ಲ, ‘ನಾವ್ ಹೇಳಿದ್ದಲ್ಲೇನು’ ಅಂತಾರೆ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಬಾಟಲಿ ತುಂಬ ಸುಲಿದ ಬಳ್ಳೊಳ್ಳಿ ಹಾಕಿ, ಮೇಲೆ ಎಣ್ಣೆಯೋ ಜೇನೋ ಸುರಿದು, ವಾರಗಟ್ಟಲೆ ಕಿಟಕಿಯಲ್ಲಿ ಇಡುವ ವಿಡಿಯೊಗಳು ಈಗ ಹರಿದಾಡುತ್ತಿವೆ. ಗಡ್ಡೆ ಮಣ್ಣಿನಲ್ಲಿ ಬೆಳೆದದ್ದು, ಬಾಟುಲಿಸಂ ಬೀಜಾಣು ಮಣ್ಣಿನಲ್ಲೇ ಇರುತ್ತದೆ. ಎಣ್ಣೆಯ ಕೆಳಗೆ ಗಾಳಿ ಇಲ್ಲ, ಹುಳಿಯೂ ಇಲ್ಲ. ಅದಕ್ಕೆ ಬೇಕಾದದ್ದು ಅದೇ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿ ಹೀಗೆ ಇಟ್ಟ ಬಳ್ಳೊಳ್ಳಿಯಿಂದ 36 ಜನ ಕಾಯಿಲೆ ಬಿದ್ದರು. ಜೇನಿನಲ್ಲೂ ಬಳ್ಳೊಳ್ಳಿ ನೀರು ಬಿಟ್ಟು ಜೇನು ತೆಳುವಾಗುತ್ತದೆ. ದಿನದ್ದು ದಿನಕ್ಕೆ ಜಜ್ಜಿ. ನಿಂಬೆಹುಳಿ, ಉಪ್ಪು ಸರಿಯಾಗಿ ಬಿದ್ದ ಉಪ್ಪಿನಕಾಯಿ ಬೇರೆ, ಅದಕ್ಕೆ ಈ ಭಯವಿಲ್ಲ.

ಅತ್ತೆಗೆ ಹೇಗೆ ಹೇಳುವುದು? ಡಾಕ್ಟರ್ ಬೇಡ ಅಂದರು ಅಂತ ಹೋಗಬೇಡಿ, ಜಗಳವಾಗುತ್ತದೆ. ಅವರಿಗೆ ಖಾರದ ಕಲ್ಲು ಕೊಡಿ. ‘ಅತ್ತಿ, ಡಾಕ್ಟ್ರು ನುಂಗೂದಕ್ಕಿಂತ ಜಜ್ಜಿ ರೊಟ್ಟಿ ಜೋಡಿ ತಿನ್ನೂದು ಚಲೋ ಅಂದ್ರು, ನಿಮ್ಮ ಕೈಯಾಗಿಂದೇ ರುಚಿ’ ಅನ್ನಿ. ಸುಳ್ಳಲ್ಲ, ನಾನು ಹೇಳಿದ್ದೇ ಅದು. ಒಂದು ಎಸಳು ಸುಲಿದು ಮೊದಲು ಮೂಸಲು ಕೊಟ್ಟು, ಆಮೇಲೆ ಅವರ ಕಣ್ಣೆದುರೇ ಜಜ್ಜಿ ತೋರಿಸಿ. ಇದನ್ನು ನನ್ನ ಟೇಬಲ್ ಮೇಲೆ ಮಾಡಿ ತೋರಿಸಿ ಎಷ್ಟೋ ಅಜ್ಜಿಯರನ್ನು ಒಪ್ಪಿಸಿದ್ದೇನೆ. ಟೇಬಲ್ ವಾಸನೆ ಹೊಡೆಯುತ್ತದೆ ಅಂತ ನಮ್ಮ ನರ್ಸ್ ಗೊಣಗುವುದು ಬೇರೆ ಮಾತು.

ಕೊನೆಗೆ ಮಗನ ವಿಚಾರ. ಹಲ್ಲುಜ್ಜಿ ಕಳಿಸಿದರೂ ವಾಸನೆ ಹೋಗುವುದಿಲ್ಲ ಅಲ್ವಾ? ಅದು ಬಾಯಿಂದಷ್ಟೇ ಬರುವುದಲ್ಲ. ಬಳ್ಳೊಳ್ಳಿಯ ಗಂಧಕದ ಒಂದು ವಸ್ತು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ ಹೋಗಿ ಗಂಟೆಗಟ್ಟಲೆ ಉಸಿರಿನಲ್ಲಿ ಹೊರಬೀಳುತ್ತದೆ. ಬ್ರಶ್ ಅಲ್ಲಿಗೆ ಮುಟ್ಟುವುದಿಲ್ಲ. ಬೆಳಗಿನ ಎಸಳು ಅವನಿಗೆ ಬೇಡವೇ ಬೇಡ. ಖಾರ ತಿನ್ನುವ ಆಸೆಯಾದರೆ ರಾತ್ರಿ ಊಟಕ್ಕೆ ಹಾಕಿ, ಜೊತೆಗೆ ಒಂದು ಲೋಟ ಹಾಲು ಕೊಡಿ. ಬಳ್ಳೊಳ್ಳಿ ತಿನ್ನುವಾಗಲೇ ಕುಡಿದ ಹಾಲು ಆ ವಾಸನೆಯನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ, ಕೆನೆ ತೆಗೆಯದ ಹಾಲಾದರೆ ಇನ್ನೂ ಚೆನ್ನ. ಸೇಬು ಸಿಕ್ಕರೆ ಅದೂ ಆದೀತು.